ಡೆಲ್ಫಾಳ ಎಡಗೈ

ಪ್ರೀತಿಯ ಡೆಲ್ಫಾ,

ನಿನ್ನ ಗಂಡ ಓಡೆಲ್ ಮುರಿದ ಬೆರಳುಗಳು ಕೂಡಿಕೊಂಡವೆ? ನಿನ್ನ ಕೈ ಮೇಲೆಯೇ ಅವನು ಬಡಿದು ಒಡೆದ ಬ್ಯಾಂಜೋಗೆ ಬದಲಾಗಿ, ನೀನು ಮತ್ತೆ ತಂತಿ ಮೀಟಲೆಂದು, ಹೊಸದೊಂದನ್ನು ಮಾಡುತ್ತಿದ್ದೇನೆ. ನೀನು ಎಡಗೈಯಲ್ಲಿ ಹಿಡಿಯುವ ಅದರ ಕತ್ತನ್ನು ವಾಲ್‌ನಟ್ ಮರದಲ್ಲಿ ಒರಟಾಗಿ ಕೆತ್ತಿಟ್ಟಿದ್ದೇನೆ.

ಮಂಗಳವಾರ ಅವನು ಕೊಡಲಿ ಹಿಡಿದು ನನ್ನ ಕೊಟ್ಟಿಗೆಗೆ ನುಗ್ಗಿದ. "ಏ ಮುದುಕಾ, ನನ್ನ ಹೆಂಡ್ತೀನ ಎಲ್ಲಿ ಬಚ್ಚಿಟ್ಟಿದ್ದೀಯ? ಬೊಗಳು!" ಎಂದು ಕೊಡಲಿಯ ಹಿಂಬದಿಯಿಂದ ನನ್ನ ಮೊಣಕಾಲಿಗೆ ಬಾರಿಸಿದ. ನಾನು ಬಿದ್ದೆ, ಬಾಯಿ ಬಿಡಲಿಲ್ಲ. ಆಗ ಬೆಂಚಿನ ಕೆಳಗಿನ ಜಾಡಿ ಅವನ ಕಣ್ಣಿಗೆ ಬಿತ್ತು.

"ಓಹೋ, ಜೋಳದ ಸಾರಾಯಿ ಇಲ್ಲಿ ಅಡಗಿಸಿಟ್ಟಿದ್ದೀಯಾ, ಜಿಪುಣಾ?" ಎಂದು ನಕ್ಕು ಎತ್ತಿ ಬಾಯಿಗಿಟ್ಟ. ನಮ್ಮ ಬೆಟ್ಟದಲ್ಲಿ ಬೆಂಚಿನ ಕೆಳಗೆ ಜಾಡಿ ಕಂಡರೆ ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ. ಆದರೆ ಅದು ಬ್ಯಾಂಜೋ ಮುಖಕ್ಕೆ ಬಿಗಿಯುವ, ಬಿಲ ತೋಡುವ ಗ್ರೌಂಡ್‌ಹಾಗ್‌ನ ಚರ್ಮದ ಕೂದಲು ತೆಗೆಯಲು ಕಾಯಿಸಿ ಬತ್ತಿಸಿಟ್ಟಿದ್ದ ಬೂದಿನೀರು. ತಾಗಿದ ಕಡೆ ಮಾಂಸವನ್ನೇ ಸುಡುತ್ತದೆ.

"ಕುಡಿಯಬೇಡ ಅಂತ ಕೂಗಿದೆ" ಎಂದು ಪಾದ್ರಿಗೆ ಹೇಳಿದ್ದೇನೆ. ನಿಜವೇ. ಆದರೆ ಕೂಗಿದ್ದು ಎರಡನೇ ಗುಟುಕಿನ ನಂತರ. ಇದು ನಿನ್ನೊಬ್ಬಳಿಗೇ ಗೊತ್ತಿರಲಿ.

ಓಡೆಲ್ ಬದುಕಿದ್ದಾನೆ. ರಕ್ತ ಕಾರುತ್ತಾನೆ, ಧ್ವನಿ ಹೋಗಿದೆ. "ಹೆಂಡತಿ ಬೇಕು" ಎಂದು ಸ್ಲೇಟಿನ ಮೇಲೆ ಬರೆದು ಎಲ್ಲರಿಗೂ ತೋರಿಸುತ್ತಾನಂತೆ. ಮರುಕಪಟ್ಟು ಚಿಕ್ಕಮ್ಮನ ಮನೆ ಬಿಟ್ಟು ಬರಬೇಡ, ಮಗಳೇ. ಸುಟ್ಟಿರುವುದು ಗಂಟಲು ಮಾತ್ರ, ಕೈಗಳಲ್ಲ.

ಒಂದು ಕೆಲಸ ಮಾಡು. ಎಡಗೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಕಳಿಸು. ಬೆರಳು ಸೊಟ್ಟಗಿದ್ದರೆ ಸೊಟ್ಟಗೇ ಎಳೆ. ಕತ್ತನ್ನು ಅದಕ್ಕೆ ಹೊಂದುವಂತೆ ಕೆತ್ತುತ್ತೇನೆ.

ನಿನ್ನ ಸೋದರಮಾವ,
ಎನಾಕ್