ನೀನು ಒಪ್ಪಿಕೊಂಡ ತಪ್ಪು

ಗುರುವಾರ, ಹದಿನಾಲ್ಕನೆಯ ತಾರೀಕು
ರಾತ್ರಿ ಒಂದು ಗಂಟೆ ಹತ್ತು ನಿಮಿಷ

ಪ್ರೀತಿಯ ಅಕ್ಕ,

ಗಾಳಿಹಾಸಿಗೆಯ ಪಂಪು ಗೊರಗುಟ್ಟಿ ನಿಂತುಹೋದ ಸದ್ದಿಗೆ ಎಚ್ಚರವಾಯಿತು. ಎಚ್ಚರವಾಯಿತು ಅನ್ನುವುದೂ ಸುಳ್ಳೇ, ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದೆ ಅಷ್ಟೆ. ಕರೆಂಟು ಹೋಗಿತ್ತು. ಕಡಲೆಯನ್ನು ಎಡಮಗ್ಗುಲಿಗೆ ತಿರುಗಿಸಿ, ಬೆನ್ನು ಎಲ್ಲಾದರೂ ಕೆಂಪಾಗಿದೆಯಾ ಅಂತ ಟಾರ್ಚು ಹಾಕಿ ನೋಡುವಷ್ಟರಲ್ಲಿ ಬಂತು. ಎರಡು ಗಂಟೆಗೊಮ್ಮೆ ಹೀಗೆ ತಿರುಗಿಸಬೇಕು, ಇಲ್ಲದಿದ್ದರೆ ಹುಣ್ಣಾಗುತ್ತದೆ. ಮಗಳಿಗೆ ನೀನಿಟ್ಟ ಹೆಸರೇ ಉಳಿದುಕೊಂಡಿದೆ, ಆಸ್ಪತ್ರೆಯವರೂ ಕಡಲೆ ಅಂತಲೇ ಕರೆಯುತ್ತಾರೆ.

ಹನ್ನೊಂದು ವಾರ ನಿನಗೆ ಒಂದಕ್ಷರ ಬರೆಯಲಿಲ್ಲ. ಕ್ಷಮಿಸು ಅನ್ನಲೂ ನಾಚಿಕೆ. ನೀನು ಎರಡು ಸಲ ಊಟದ ಡಬ್ಬಿ ತಂದು ಬಾಗಿಲಲ್ಲಿ ನಿಂತಾಗ ಇವರು "ಮಲಗಿದ್ದಾಳೆ" ಅಂದರಲ್ಲ, ನಾನು ಬಚ್ಚಲಲ್ಲಿ ಉಸಿರು ಹಿಡಿದು ನಿಂತಿದ್ದೆ, ನಿನ್ನ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಗುವ ತನಕ. ಮೊನ್ನೆ ಎರಡು ಸಲ ಫೋನ್ ಮಾಡಿ, ನೀನು ಹಲೋ ಅಂದಕೂಡಲೇ ಇಟ್ಟದ್ದೂ ನಾನೇ. ಅದಕ್ಕೇ ಕಾಗದದ ಮೇಲೆ ಬರೆದು, ಫೋಟೋ ತೆಗೆದು ಕಳಿಸುತ್ತೇನೆ. ವಕೀಲರು ಒಂದು ಸಾಲೂ ಬರೆಯಕೂಡದು ಅಂದಿದ್ದಾರೆ. "ಕೇಸು ಮುಗಿಯೋ ತನಕ ಅವರು ನಿಮ್ಮ ಅಕ್ಕ ಅಲ್ಲ ತಾಯಿ, ಎದುರು ಪಾರ್ಟಿ."

ಕಡಲೆಯ ಸುದ್ದಿ ಹೇಳಬೇಕು. ವ್ಯಾಯಾಮ ಮಾಡಿಸುವ ಹುಡುಗಿ ದಿನಾ ಬಂದು, ಕಣ್ಣು ಮುಚ್ಚಿಸಿ, ಕಾಲ್ಬೆರಳು ಒಂದೊಂದಾಗಿ ಮುಟ್ಟಿ ಯಾವುದು ಹೇಳು ಅನ್ನುತ್ತಾಳೆ. ಸೋಮವಾರ ಇವಳು "ಹೆಬ್ಬೆರಳು, ಕಿರುಬೆರಳು" ಅಂತ ಎಲ್ಲ ಸರಿಯಾಗಿ ಹೇಳಿಬಿಟ್ಟಳು. ನಾನು ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದೆ. ನೋಡಿದರೆ, ಕಳ್ಳಿ, ರೆಪ್ಪೆಯ ಸಂದಿಯಿಂದ ನೋಡಿ ಹೇಳುತ್ತಿದ್ದಳು. ಯಾಕೆ ಮಗಾ ಅಂದರೆ "ನೀನು ನಗ್ತೀಯಲ್ಲ ಅದಕ್ಕೆ" ಅಂದಳು. ನಾಲ್ಕು ವರ್ಷದವಳು.

ನಿನ್ನೆ ಸಂಜೆ ವಕೀಲರ ಕಚೇರಿಗೆ ಹೋಗಿದ್ದೆವು. ಅಡ್ಡ ನುಗ್ಗಿದ ಆ ಟೆಂಪೋದವನ ಮೇಲೆ ಯಾಕೆ ಕೇಸು ಹಾಕಬಾರದು ಅಂತ ಕೇಳಿದೆ. "ಓಡಿಹೋದ ಗಾಡಿಗೆ ನಂಬರೇ ಸಿಕ್ಕಿಲ್ಲವಲ್ಲ. ಯಾರ ಮೇಲೆ ಹಾಕಲಿ, ರಸ್ತೆ ಮೇಲಾ?" ಅಂದರು. ಅದನ್ನು ತಪ್ಪಿಸಲು ಹೋಗಿ ತಾನೇ ಅಕ್ಕ ಡಿವೈಡರಿಗೆ ಗುದ್ದಿದ್ದು, ಅವಳದೇನು ತಪ್ಪು ಅಂದೆ. "ಕೋರ್ಟಿಗೆ ಯಾರದಾದರೂ ತಪ್ಪು ಬೇಕು ತಾಯಿ. ಯಾರದೂ ಅಲ್ಲ ಅಂದರೆ ಅಯ್ಯೋ ಪಾಪ ಅಂತಾರೆ, ಮನೆಗೆ ಕಳಿಸ್ತಾರೆ. ಪರಿಹಾರ ಕೊಡೋದು ಇನ್ಶೂರೆನ್ಸ್ ಕಂಪನಿ, ನಿಮ್ಮಕ್ಕ ಅಲ್ಲ."

ಹೋಗುವ ಲೈಸೆನ್ಸು ಮಾತ್ರ ಅಕ್ಕನದೇ ಅಲ್ಲವಾ ಅಂದೆ. ಒಂಬತ್ತು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಗಾಡಿ ಕಲಿಸಿದವಳು ನೀನು. "ಅದು ಕ್ಲಚ್ಚು ಕಣ್ರೀ, ಜಿರಲೆ ಅಲ್ಲ, ಹಾಗೆ ತುಳೀಬೇಡಿ" ಅಂತ ನಗಿಸಿ ನಗಿಸಿಯೇ ಅವರ ಭಯ ಬಿಡಿಸಿದವಳು. ಬೇರೆ ಕೆಲಸ ನಿನಗೆ ಬರುವುದೂ ಇಲ್ಲ, ಬೇಕಾಗಿಯೂ ಇಲ್ಲ. ವಕೀಲರು ಕನ್ನಡಕ ಒರೆಸುತ್ತ "ಅದು ಹೋಗಬಹುದು" ಅಂದರು.

ಆಮೇಲೆ ನೀನು ಪೊಲೀಸರಿಗೆ ಕೊಟ್ಟ ಹೇಳಿಕೆಯ ನಕಲು ತೆಗೆದು ಓದಿದರು. ಅದರಲ್ಲಿ ಏನಿದೆ ಅಂತ ನನಗೆ ಗೊತ್ತಾದದ್ದೇ ಆಗ. "ನಾನು ವೇಗವಾಗಿ ಓಡಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿದ್ದ ಮಗುವಿಗೆ ಬೆಲ್ಟ್ ಹಾಕುವುದನ್ನು ನಾನೇ ಮರೆತೆ." ವೇಗ ಎಲ್ಲಿತ್ತು ಅಕ್ಕ? ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋದದ್ದಕ್ಕೆ ನೀನೇ ನಕ್ಕಿದ್ದೆ. ವಕೀಲರಿಗಂತೂ ಖುಷಿ. "ಬೆಲ್ಟಿನ ವಿಷಯ ಇವರೇ ಒಪ್ಪಿಕೊಂಡದ್ದು ದೊಡ್ಡ ಅನುಕೂಲ. ತಾಯಿ ಪಕ್ಕದಲ್ಲೇ ಕೂತಿದ್ದಳಲ್ಲ ಅಂತ ಕಂಪನಿಯವರು ಎಳೀತಾರೆ. ತಾಯಿದೂ ತಪ್ಪು ಅಂತ ಆದರೆ ಪರಿಹಾರಕ್ಕೆ ಕತ್ತರಿ ಬೀಳುತ್ತೆ."

ಬಸ್ಸಿನಲ್ಲಿ ಬರುವಾಗ ಇವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದರು, "ಊರಿಗೆಲ್ಲ ಗಾಡಿ ಕಲಿಸ್ತಾಳೆ, ಒಂದು ಮಗೂಗೆ ಬೆಲ್ಟ್ ಹಾಕೋಕೆ ಆಗಲಿಲ್ಲ ನಿನ್ನ ಅಕ್ಕನಿಗೆ. ನನ್ನ ಮಗಳು ಎದ್ದು ನಡೆದ ದಿನ ಅವಳನ್ನ ಮನೆಗೆ ಸೇರಿಸ್ತೀನಿ." ಕಡಲೆ ಇನ್ನು ನಡೆಯುವುದಿಲ್ಲ ಅಂತ ದೊಡ್ಡ ಡಾಕ್ಟರು ಹೇಳಿದಾಗ ಇವರೂ ಪಕ್ಕದಲ್ಲೇ ಇದ್ದರು. ನಾನು ಟಿಕೆಟ್ಟನ್ನು ಸುರುಳಿ ಸುತ್ತುತ್ತ ಕೂತಿದ್ದೆ.

ಇವತ್ತು ಬೆಳಿಗ್ಗೆ ಹತ್ತಕ್ಕೆ, ಕೋರ್ಟಿಗೆ ಕೊಡುವ ಪ್ರಮಾಣಪತ್ರಕ್ಕೆ ನನ್ನ ಸಹಿ. ಅದರಲ್ಲಿ ನಿನ್ನ ಹೇಳಿಕೆಯದೇ ಮಾತುಗಳು, ನನ್ನ ಬಾಯಲ್ಲಿ. ಸಹಿ ಹಾಕಿದರೆ ನಿನ್ನ ಅನ್ನ ಹೋಗುತ್ತದೆ. ಹಾಕದಿದ್ದರೆ ಕಡಲೆಗೆ ಗಾಲಿಕುರ್ಚಿಯಿಂದ ಹಿಡಿದು ಔಷಧಿಯವರೆಗೆ ಎಲ್ಲಿಂದ ತರಲಿ, ನನಗೆ ಗೊತ್ತಿಲ್ಲ. ಈ ಕಡೆ ತಿರುಗಿದರೂ ಗೋಡೆ, ಆ ಕಡೆ ತಿರುಗಿದರೂ ಗೋಡೆ.

ಅಕ್ಕ, ನೀನು ಚೆನ್ನಾಗಿರಬೇಕು. ನನ್ನ ಹಾರೈಕೆಗೆ ಏನು ಬೆಲೆಯೋ ತಿಳಿಯದು, ಆದರೂ ಹಾರೈಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಕಡಲೆ ನಿದ್ದೆಗಣ್ಣಲ್ಲಿ ದೊಡ್ಡಮ್ಮ ಅಂತ ಕನವರಿಸುತ್ತಾಳೆ. ಅದೂ ನಿನಗೆ ಮುಟ್ಟಲಿ.

ನಿನ್ನ ತಂಗಿ

ಕಾಗದ ಮುಗಿಸಿದ ಮೇಲೆ ಸೇರಿಸುತ್ತಿರುವುದು:

ಫೋಟೋ ತೆಗೆಯುವ ಮೊದಲು ಓದಿ ನೋಡಿದೆ. ಹೇಳಬೇಕಾದದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೇನೆ.

ನೀನು ಮರೆಯಲಿಲ್ಲ ಅಕ್ಕ. ಶಾಲೆಗೆ ಕೊಡುವ ಫೋಟೋ ತೆಗೆಸಿಕೊಂಡು ಹೊರಡುವಾಗ ನೀನೇ ಬಗ್ಗಿ ಅವಳ ಬೆಲ್ಟ್ ಹಾಕಿದೆ, ಎಳೆದೂ ನೋಡಿದೆ. ಸೇತುವೆ ದಾಟಿದ ಮೇಲೆ ಬಿಚ್ಚಿದ್ದು ನಾನು. ಕಿಟಕಿಯ ಹತ್ತಿರ ನಿಲ್ಲಬೇಕು ಅಂತ ಹಟ ಹಿಡಿದಿದ್ದಳು. ಅವಳ ಜ್ವರದಿಂದ ಮೂರು ರಾತ್ರಿ ನಿದ್ದೆಗೆಟ್ಟಿದ್ದೆ, ಐದು ನಿಮಿಷ ಸುಮ್ಮನಿದ್ದರೆ ಸಾಕಾಗಿತ್ತು. ನೀನು ಬೈಯುತ್ತೀಯ ಅಂತ, ಗುಂಡಿ ಒತ್ತುವ ಸದ್ದು ಕೇಳದಿರಲಿ ಅಂತ, ಜೋರಾಗಿ ಕೆಮ್ಮಿದೆ.

ನೀನು ಕನ್ನಡಿಯಲ್ಲಿ ನೋಡಿದ್ದೆಯಾ? ನೋಡಿಯೂ ನನ್ನನ್ನು ಉಳಿಸಲು ಹಾಗೆ ಬರೆಸಿದೆಯಾ? ಇಲ್ಲವಾದರೆ, ನಿಜವಾಗಿಯೂ ನಾನೇ ಮರೆತೆ ಅಂತ ನಂಬಿಕೊಂಡು ಹನ್ನೊಂದು ವಾರದಿಂದ ಮಲಗಿ ಏಳುತ್ತಿದ್ದೀಯಾ? ಇದೊಂದು ಹೇಳು. ಈ ಕಾಗದ ಯಾರಿಗೆ ಬೇಕಾದರೂ ತೋರಿಸು, ಇವರಿಗೂ. ಬೈಯುವುದಾದರೆ ಬೈ. ಮಾತೇ ಬೇಡವಾದರೆ ಫೋನ್ ಹಿಡಿದು ಸುಮ್ಮನೆ ಕೂತಿರು, ನಾನೂ ಕೂತಿರುತ್ತೇನೆ. ಕೈಗೆ ಪೆನ್ನು ಕೊಟ್ಟರೆ ನಾನು ಸಹಿ ಹಾಕಿಬಿಡುವವಳು, ನನ್ನನ್ನು ನಾನು ಬಲ್ಲೆ. ಬೆಳಗಾಗುವುದರೊಳಗೆ ಫೋನ್ ಮಾಡು ಅಕ್ಕ. ಎಷ್ಟು ಹೊತ್ತಾದರೂ ಸರಿ, ಬೆಳಗಾಗುವ ಮೊದಲು ಮಾಡು.