ಕಳೆದುಹೋಗಿದೆ ಎಂದು ಬರೆದಿದ್ದೆ

ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕನಿಗೆ,

ನಾನು ಚೆನ್ನಾಗಿದ್ದೇನೆ. ನಿನ್ನ ಕೈ ಹೇಗಿದೆ? ಮೆಟ್ಟಿಲಿಂದ ಬಿದ್ದೆ ಎಂದು ನೀನು ಎಡಗೈಯಲ್ಲಿ ಬರೆದ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೈಯಬೇಡ, ಏನು ಬರೆಯಬೇಕೆಂದು ತೋಚಲಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಅಕ್ಷರ, ಹೊಂದಿಸಿಕೊಂಡು ಓದು. ಇದನ್ನು ಮನೆಗೆ ಹಾಕದೆ ನೀನು ಕೆಲಸ ಮಾಡುವ ಲಾಂಡ್ರಿಗೆ ಹಾಕಿದ್ದೇನೆ. ಅಲ್ಲೇ ಓದಿಬಿಡು, ಭಾವನಿಗೆ ತೋರಿಸಬೇಡ.

ಇಲ್ಲಿಯ ಸುದ್ದಿ ಎಂದರೆ ನನ್ನ ಹೊಲಿಗೆ ಮೆಷಿನ್ ಹೋಯಿತು. ನಿನ್ನೆ ಬೆಳಿಗ್ಗೆ ಅಂಗಡಿಗೆ ಹೋದರೆ ಬೀಗ ಒಡೆದಿತ್ತು. ಅಂಗಡಿಯ ಯಜಮಾನರು, ಅದೇ ಕತ್ತರಿ ಮಾಮ, ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಪೊಲೀಸರಿಗೆ ಹೇಳೋಣ ಎಂದೆ. "ಅಯ್ಯೋ ತಾಯಿ, ನಮ್ಮ ವಂಶದಲ್ಲೇ ಯಾರೂ ಸ್ಟೇಷನ್ ಮೆಟ್ಟಿಲು ಹತ್ತಿಲ್ಲ. ಮೆಷಿನ್ ನಿಂದು, ನೀನೇ ಹೋಗು" ಎಂದರು.

ನನ್ನ ವಿಷಯ ನಿನಗೆ ಗೊತ್ತಲ್ಲ. ಬಸ್ಸು ನಿಲ್ಲಿಸಿ ಎಂದು ಕೂಗಲಾರದೆ ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೆಯುವವಳು. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ನನ್ನ ಹಿಂದೆ ಬಂದ ಮೂವರನ್ನೂ ಮುಂದೆ ಬಿಟ್ಟೆ. ಕೊನೆಗೆ ಮೇಜಿನ ಹಿಂದಿದ್ದ ಪೊಲೀಸ್ ಮೇಡಮ್ಮೇ ಕರೆದರು, "ಏನಮ್ಮಾ, ಬೆಂಚು ಕಾಯೋಕೆ ಬಂದಿದ್ದೀಯಾ?"

ಚೀಲದಿಂದ ಒಂದು ಹಾಳೆ ತೆಗೆದೆ. 'ನನ್ನ ಹೊಲಿಗೆ ಮೆಷಿನ್ ಕಳೆದುಹೋಗಿದೆ' ಎಂದು ಬರೆದು ಕೊಟ್ಟೆ. ಅವರು ಕನ್ನಡಕ ತೆಗೆದರು.

"ಸೂಜಿ ಕಳೆದುಹೋಗುತ್ತೆ ಕಣಮ್ಮ. ಮೆಷಿನ್ ಹೇಗೆ ಕಳೆದುಹೋಗುತ್ತೆ? ಅದಕ್ಕೇನು ಕಾಲು ಬಂತಾ?"

"ಕಾಲು ಅಂಗಡೀಲೇ ಇದೆ ಮೇಡಂ, ತಲೆ ಮಾತ್ರ ಹೋಗಿದೆ" ಎಂದುಬಿಟ್ಟೆ. ಇಡೀ ಕೋಣೆ ನಕ್ಕಿತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಕದ್ದಿದ್ದಾರೆ ಅಂತ ಬರೀ."

"ಯಾರನ್ನೋ ಕಳ್ಳ ಅಂದ ಹಾಗಾಗಲ್ವಾ ಮೇಡಂ?"

"ಬೀಗ ಒಡೆದೋನು ಅವನು, ನಾಚಿಕೆ ನಿನಗಾ? ಕಳೆದುಹೋಗಿದೆ ಅಂದ್ರೆ ಒಂದು ಚೀಟಿ ಕೊಟ್ಟು ಕಳಿಸ್ತೀವಿ. ಕದ್ದಿದ್ದಾರೆ ಅಂದ್ರೆ ಹುಡುಕ್ತೀವಿ. ನಡೆದದ್ದನ್ನ ನಡೆದ ಹಾಗೆ ಹೇಳು, ಸಾಕು."

ಕೊನೆಯ ಸಲ ಯಾವಾಗ ನೋಡಿದೆ, ಗುರುತು ಏನು ಎಂದು ಕೇಳುತ್ತಾ ಅವರೇ ಬರೆದುಕೊಂಡರು. ಚಕ್ರದ ಬಣ್ಣ ನನ್ನ ಬೆರಳು ತಾಗುವ ಕಡೆ ಮಾತ್ರ ಹೋಗಿದೆ ಎಂದೆ. ಎಲ್ಲ ಓದಿ ಹೇಳಿದರು. ನಾನು ಶನಿವಾರ ಎಂದದ್ದು ಭಾನುವಾರ ಎಂದಾಗಿತ್ತು. ತಪ್ಪಿದೆ ಮೇಡಂ ಎಂದೆ, ಅಕ್ಕ, ನಾನೇ ಎಂದೆ! ತಿದ್ದಿದ ಮೇಲೆಯೇ ಸಹಿ ಹಾಕಿದ್ದು. ನಂಬರ್ ಹಾಕಿದ ಒಂದು ಪ್ರತಿ ನನಗೂ ಕೊಟ್ಟರು. ಅದನ್ನು ಅಳತೆ ಪುಸ್ತಕದಲ್ಲಿ ಇಟ್ಟಿದ್ದೇನೆ.

ಎದ್ದವಳು ಮತ್ತೆ ಕೂತೆ. "ಬೇರೆ ಊರಲ್ಲಿ ನಡೆದದ್ದನ್ನೂ ಇಲ್ಲಿ ಬರೆದುಕೊಳ್ತೀರಾ ಮೇಡಂ?"

"ಬರೆದುಕೊಂಡು ಆ ಊರಿಗೆ ಕಳಿಸ್ತೀವಿ. ಯಾಕೆ?"

"ಸುಮ್ಮನೆ ಕೇಳಿದೆ" ಎಂದು ಬಂದುಬಿಟ್ಟೆ.

ಮೆಷಿನ್ ಇನ್ನೂ ಸಿಕ್ಕಿಲ್ಲ. ಅಲ್ಲಿಯವರೆಗೆ ಕತ್ತರಿ ಮಾಮ ಕೈಹೊಲಿಗೆ, ಗುಂಡಿಯ ಕೆಲಸ ಕೊಟ್ಟಿದ್ದಾರೆ. ನೀನು ಒದ್ದೆ ಬಟ್ಟೆ ಎತ್ತಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ನೀನು ನೆಮ್ಮದಿಯಾಗಿದ್ದರೆ ನನಗೆ ಬೇರೇನೂ ಬೇಡ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಧೈರ್ಯ ಸಾಲದೆ ಕೊನೆಗೆ ಇಟ್ಟುಕೊಂಡೆ. ಅಕ್ಕ, ನಿಮ್ಮ ಮನೆಗೆ ಮೆಟ್ಟಿಲೇ ಇಲ್ಲ. ಹೋದ ವರ್ಷ ಕಣ್ಣಿಗೆ ಬಾಗಿಲು ತಗುಲಿತು ಎಂದು ನೀನು ಬರೆದಿದ್ದೆ, ಆಗ ನಾನು ಸುಮ್ಮನಿದ್ದೆ. ಅದು ನನ್ನ ತಪ್ಪು. 'ಬಿದ್ದೆ' ಎಂದರೆ ಪೊಲೀಸರು ಏನೂ ಮಾಡಲಾರರು. 'ಬೀಳಿಸಿದರು' ಎನ್ನಬೇಕು. ಕೈಗೆ ಕಟ್ಟು ಹಾಕಿದ ಡಾಕ್ಟರ ಚೀಟಿ ತೆಗೆದಿಟ್ಟುಕೋ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಲಾಂಡ್ರಿಯ ಮುಂದೆ ಇರುತ್ತೇನೆ. ನೀನು ಹೇಳು, ನಾನು ಬರೆಯುತ್ತೇನೆ. ಇಲ್ಲಿಯ ಸ್ಟೇಷನ್ನಿಗೆ ಮೂರು ಮೆಟ್ಟಿಲಿವೆ, ಎಣಿಸಿದ್ದೇನೆ. ನಿಧಾನಕ್ಕೆ ಹತ್ತೋಣ.