ಹುಳುವಿನ ಹಳೇ ಹೆಸರು

ಮರಳವಾಡಿ
೧೪ ನವೆಂಬರ್ ೨೦೨೪

ನನ್ನ ಮುದ್ದು ಭಾನುಗೆ,

ಅಮ್ಮನ ಆಶೀರ್ವಾದ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಹುಳುಗಳೂ ಸೇರಿ. ಮೂರನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದು ಸೊಪ್ಪು ಸರಸರ ಮೇಯುತ್ತಿವೆ.

ಈ ಕಥೆಯನ್ನು ಮೊದಲು ಹೇಳಿದವರು ಯೋಗಾನಂದ ಮೇಷ್ಟ್ರು, ಹೋದ ಭಾನುವಾರ ಸಂಜೆ, ನಮ್ಮ ಜಗಲಿಯ ಮೇಲೆ. ನಿನಗೆ ಕನ್ನಡ ಕಲಿಸಿದವರಲ್ಲವೇ, ಅವರು ಒಂದಕ್ಕೆ ನಾಲ್ಕು ಸೇರಿಸುವುದು ನಿನಗೇ ಗೊತ್ತು. ಅವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಡೆದದ್ದನ್ನು ನಾನೇ ಬರೆದುಬಿಡುತ್ತೇನೆ. ಪೆದ್ದುತನವೆಲ್ಲ ನನ್ನದೇ.

ತೈವಾನಿನಲ್ಲಿ ಎರಡು ವರ್ಷ ಓದಲು ಕರೆದಿದ್ದಾರೆ, ನೀವಿಬ್ಬರೂ ಒಪ್ಪಿದರೆ ಮಾತ್ರ ಹೋಗುತ್ತೇನೆ ಎಂದು ನೀನು ದೆಹಲಿಯಿಂದ ಬರೆದಿದ್ದೆ. ನಿಮ್ಮಪ್ಪ ಬೇಡ ಅಂತಾರೆ ಎಂದು ನಾನು ಫೋನಿನಲ್ಲಿ ಹೇಳಿದೆ. ಚೀನೀ ಅಕ್ಷರದ ಹಳೇ ಸದ್ದು ಹುಡುಕುವುದೂ ಒಂದು ಓದೇ, ಅದರಿಂದ ಯಾರ ಹೊಟ್ಟೆ ತುಂಬುತ್ತೆ ಎಂದೂ ಅಂದೆ. ವಾರದ ಮೇಲೆ ನಿನ್ನಿಂದ ಒಂದು ಹಾಳೆ ಬಂತು. ಕುಂಚದಲ್ಲಿ ಬರೆದ ಒಂದೇ ಅಕ್ಷರ: ರೇಷ್ಮೆ ಹುಳು. ಅಡಿಯಲ್ಲಿ ಅಕ್ಕಪಕ್ಕ ಎರಡು ಹುಳು, ಮೇಲೆ ಸದ್ದು ಸೂಚಿಸುವ ಭಾಗ. ಈಗ ಅದನ್ನು ‘ತ್ಸಾನ್’ ಅನ್ನುತ್ತಾರೆ, ಸಾವಿರದ ನಾನೂರು ವರ್ಷದ ಹಿಂದೆ ಸುಮಾರು ‘ಝೋಮ್’ ಅನ್ನುತ್ತಿದ್ದಿರಬೇಕು ಎಂದು ಹಿಂಬದಿಯಲ್ಲಿ ನೀನು ಬರೆದಿದ್ದೆ, ಅದರ ಬೇರೆ ಅರ್ಥಗಳನ್ನೂ ಸೇರಿಸಿ.

ಅಷ್ಟರಲ್ಲಿ ರಾಮನಗರದ ತನ್ವೀರ್, ಅದೇ ನಮ್ಮ ರೇಷ್ಮೆಗೂಡು ಕೊಳ್ಳುವವನು, ನೂಲು ಬಿಚ್ಚಲು ಚೀನಾದಿಂದ ಹೊಸ ಮಿಷನ್ ತರಿಸಿದ. ಅದನ್ನು ಜೋಡಿಸಲು ಅಲ್ಲಿಂದಲೇ ಒಬ್ಬ ಮೆಕ್ಯಾನಿಕ್ಕೂ ಬಂದಿದ್ದ. ಬಂದು ಒಸಿ ನೋಡಿ ಅಕ್ಕಾ ಅಂತ ತನ್ವೀರ್ ಕರೆದ. ನಿನ್ನ ಹಾಳೆಯನ್ನು ಬ್ಯಾಗಿನಲ್ಲಿಟ್ಟುಕೊಂಡು, ಮೇಷ್ಟ್ರನ್ನೂ ಕರೆದುಕೊಂಡು ಶುಕ್ರವಾರ ಬಸ್ಸು ಹತ್ತಿದೆ.

ಹಳೇ ರಾಗಿ ಮೇಲು, ಹಳೇ ಹುಣಸೆಹಣ್ಣು ಮೇಲು, ಮಾತೂ ಹಾಗೇ ಇರಬೇಕು ಅಂದುಕೊಂಡೆ. ಬೇಯುತ್ತಿದ್ದ ಗೂಡುಗಳ ಕಡೆ ಕೈ ತೋರಿಸಿ, ಆ ಮೆಕ್ಯಾನಿಕ್ ಹುಡುಗನ ಎದುರು ನಿಂತು, ತುಟಿ ಬಿಗಿಯಾಗಿ ಮುಚ್ಚಿ ‘ಝೋಮ್’ ಅಂದೆ. ಅವನು ಗೊತ್ತಾಗಲಿಲ್ಲ ಎಂದು ತಲೆ ಆಡಿಸಿದ. ಇನ್ನೂ ಎರಡು ಸಲ ಅಂದೆ. ನನಗೆ ಏನೋ ಸಂಕಟ ಆಗುತ್ತಿದೆ ಎಂದುಕೊಂಡು ಪಾಪ, ಓಡಿಹೋಗಿ ಕುರ್ಚಿ ತಂದು ಹಾಕಿದ.

ಗೂಡು ಬೇಯಿಸುತ್ತಿದ್ದ ರಹೀಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ತನ್ವೀರ್ ಬಿಡುತ್ತಾನೆಯೇ? ಏನಕ್ಕಾ, ನಿಮ್ಮ ಮಗಳು ಕಲ್ತಿರೋ ಚೀನೀ ಚೀನಾದೋನ್ಗೇ ಗೊತ್ತಾಗಲ್ವಲ್ಲ ಅಂದ. ನನಗೆ ನಾಚಿಕೆ ಆಗಬೇಕಿತ್ತು. ಆದರೆ ಭಾನು, ಒಳಗೊಳಗೇ ಹಿಗ್ಗಾಯಿತು. ಆ ಓದು ಪೊಳ್ಳು ಅಂತಾದರೆ ನೀನು ಅಷ್ಟು ದೂರ ಹೋಗಬೇಕಾಗಿಲ್ಲವಲ್ಲ.

ಮೇಷ್ಟ್ರಿಗೆ ಮಾತ್ರ ಸಿಟ್ಟು ಬಂತು. ಅಲ್ಲಮ್ಮಾ, ಹಳಗನ್ನಡದಲ್ಲಿ ಹುಳೂನ ಪುಳು ಅಂತಿದ್ರು, ಈಗ ಯಾರೋ ಬಂದು ನಿಮ್ಮ ಪುಳು ಎಲ್ಲಿ ಅಂದ್ರೆ ನೀನು ಹುಳುಮನೆ ಬಾಗ್ಲು ತೆಗೀತೀಯಾ, ಮೊದ್ಲು ಆ ಹಾಳೆ ತೋರ್ಸು ಅಂತ ಗದರಿದರು. ನಾನು ಬ್ಯಾಗನ್ನು ಕಂಕುಳಲ್ಲಿ ಒತ್ತಿ ಹಿಡಿದೆ. ಅವರೇ ಕಿತ್ತುಕೊಂಡು ತೆಗೆದರು.

ಹುಡುಗ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಹಾಳೆ ಹಿಡಿದ. ತ್ಸಾನ್ ಅಂತ ಓದಿದ. ಅವರೂರಲ್ಲಿ ಈಗ ಅದನ್ನೇ ಚಿಕ್ಕದಾಗಿ ಬರೆಯುತ್ತಾರಂತೆ. ಆಕಾಶದ ಕೆಳಗೆ ಒಂದು ಹುಳು, ಅಂಗೈ ಮೇಲೆ ಬರೆದು ತೋರಿಸಿದ. ಆಮೇಲೆ ನನ್ನ ಮುಖ ನೋಡಿ, ನನ್ನ ಹಾಗೇ ತುಟಿ ಮುಚ್ಚಿ ‘ಝೋಮ್, ಝೋಮ್’ ಎಂದು ಗೊಣಗಿದ. ಇದ್ದಕ್ಕಿದ್ದಂತೆ ‘ಛಾಮ್!’ ಎಂದು ಕೂಗಿದ. ಅವನ ಮಾತನ್ನು ಫೋನು ನಮ್ಮ ಭಾಷೆಗೆ ತಿರುಗಿಸಿ ಹೇಳಿತು: ಅವನದು ಚೀನಾದ ದಕ್ಷಿಣದ ಸಮುದ್ರದ ಕಡೆಯ ಊರು, ಅವನ ಅಜ್ಜಿ ಹುಳು ಸಾಕಿದವಳು, ಮನೆಮಾತಿನಲ್ಲಿ ಅದು ಛಾಮ್. ಬೇರೆ ಕಡೆ ಸವೆದುಹೋದ ಕೊನೆಯ ‘ಮ್’ ಎಂಬ ತುಟಿಸದ್ದು ಆ ಮುದುಕಿಯ ಬಾಯಲ್ಲಿ ಇನ್ನೂ ಇದೆ.

ಅಲ್ಲೇ ವಿಡಿಯೋದಲ್ಲಿ ಅಜ್ಜಿಯನ್ನು ಕರೆದ. ನಮ್ಮ ಹುಳುವಿಗೆ ಎಷ್ಟು ಜ್ವರ ಅಂತ ನಾನು ಬೆರಳು ಮಡಚಿ ತೋರಿಸಿದೆ. ಅವಳೂ ಮಡಚಿದಳು. ಅಲ್ಲೂ ನಾಲ್ಕೇ! ಅಕ್ಷರ ಬರೆದದ್ದು ಯಾರ ಕೈ ಅಂತ ಕೇಳಿದಳು. ನನ್ನ ಮಗಳದು ಅಂದೆ, ಮಿಷನ್ ಸದ್ದಿನಲ್ಲೂ ತನ್ವೀರನಿಗೆ ಕೇಳುವ ಹಾಗೆ.

ಭಾನುವಾರ ಮೇಷ್ಟ್ರು ಹೇಳಿದ ಕಥೆಯಲ್ಲಿ ಅಜ್ಜಿಗೆ ನೂರಾ ಹತ್ತು ವರ್ಷ ಆಗಿತ್ತು, ಬಿಡು. ನಿನ್ನ ಕಾಗದದ ಉಳಿದ ಅರ್ಥಗಳನ್ನೂ ಅವರು ಬಿಡಲಿಲ್ಲ. ಹುಳು ಸಾಕುವುದಕ್ಕೂ ಅದೇ ಅಕ್ಷರವಂತೆ. ಹುಳು ಎಲೆ ಮೇಯ್ದ ಹಾಗೆ ಪಕ್ಕದ ರಾಜ್ಯವನ್ನು ಅಂಚಿನಿಂದ ಸ್ವಲ್ಪ ಸ್ವಲ್ಪವೇ ನುಂಗುವುದನ್ನು ಹೇಳಲೂ ಅದು ಬೇಕಂತೆ. ಆಗ ಜಗಲಿಯಲ್ಲಿ ಕೂತಿದ್ದವರೆಲ್ಲ ಪಕ್ಕದ ಹೊಲದ ಅನಂತರಾಜುವನ್ನು ನೋಡಿದರು. ಯಾಕ್ರಲಾ, ನನ್ನೇ ಯಾಕ್ ನೋಡ್ತೀರಿ ಅಂತ ರೇಗಿದ.

ಮಾರನೇ ಬೆಳಿಗ್ಗೆ ಎದುರು ಮನೆಯ ಶಿವಲಿಂಗಮ್ಮ ತನ್ನ ಹುಳುಮನೆ ಮುಂದೆ ಆ ಅಕ್ಷರವನ್ನೇ ರಂಗೋಲಿ ಬಿಟ್ಟಳು. ಇಳುವರಿ ಹೆಚ್ಚಲಿ ಅಂತ ಎರಡರ ಬದಲು ಮೂರು ಹುಳು ಹಾಕಿದ್ದಾಳೆ. ಅನಂತರಾಜು ಯಾರೂ ಕೇಳದೆಯೇ ಬದುವಿನ ಕಲ್ಲನ್ನು ಒಂದು ಗೇಣು ಹಿಂದಕ್ಕೆ, ತನ್ನ ಹೊಲದ ಕಡೆಗೆ ಇಟ್ಟ. ನಿಮ್ಮಪ್ಪ ಹುಳುವಿಗೆ ಸೊಪ್ಪು ಹಾಕಿ, ಕನಕಪುರದ ಬಸ್ಸು ಹತ್ತಿ, ಚಕ್ರದ ಸೂಟ್‌ಕೇಸ್ ತಂದರು. ನಾನು ಅದನ್ನು ಒರೆಸಿ ನಡುಮನೆಯಲ್ಲಿಟ್ಟೆ. ಹೋಗಿ ಬಾ ಮಗಳೇ.

ನಿನ್ನ ಅಮ್ಮ,
ವೆಂಕಟಲಕ್ಷ್ಮಮ್ಮ

ಮರೆತಿದ್ದೆ: ಬೇಡ ಅಂದವರು ನಿಮ್ಮಪ್ಪ ಅಲ್ಲ, ನಾನು. ನಿನ್ನ ಕಾಗದ ಓದಿದ ದಿನವೇ ಅವರು ವೋಗ್ಲಿ ಬುಡು, ಮಗ ಓದ್ಲಿ ಅಂದಿದ್ದರು. ನನಗೆ ಭಯ ಆಯಿತು, ಅವರ ಹೆಸರು ಹೇಳಿದೆ. ತಿಂಗಳಿಂದ ನೀನು ಅವರ ಜೊತೆ ಮಾತು ಬಿಟ್ಟಿದ್ದೀಯ, ಅವರು ನನ್ನನ್ನು ಬಿಟ್ಟುಕೊಡಲಿಲ್ಲ. ಇದು ಕೈಗೆ ಸೇರಿದ ಕೂಡಲೇ ಫೋನ್ ಮಾಡು. ನನಗಲ್ಲ, ಅವರಿಗೆ.